‘ನಾವು’ ಅಂದರೆ ಯಾರು? ಅಬೆನಾಕಿ ನುಡಿ, ಒಡನಾಕ್ ಊರು, ಒಂದು ಮುಗಿಯದ ವ್ಯಾಜ್ಯ

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಅಬೆನಾಕಿಗಳ ಭಾಷೆಯಲ್ಲಿ ‘ನಾವು’ ಅನ್ನಬೇಕಾದರೆ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ಎದುರಿಗೆ ನಿಂತು ಕೇಳುತ್ತಿರುವವನು ಆ ‘ನಾವು’ವಿನ ಒಳಗೋ ಹೊರಗೋ? ಒಳಗಾದರೆ ‘ಕಿಯುನಾ’, ಹೊರಗಾದರೆ ‘ನಿಯುನಾ’. ಎರಡಕ್ಕೂ ಆಗುವ ಒಂದು ಪದ ಇಲ್ಲ.

ಕನ್ನಡದಲ್ಲಿ ಈ ಕಷ್ಟ ಇಲ್ಲ. ‘ನಾವು ಊಟಕ್ಕೆ ಹೋಗ್ತಿದ್ದೀವಿ’ ಅಂದರೆ ಕೇಳಿದವನು ‘ನನ್ನನ್ನೂ ಕರೆದರಾ, ಇಲ್ಲಾ ಸುಮ್ನೆ ಹೇಳಿದರಾ’ ಎಂದು ತಲೆ ಕೆರೆದುಕೊಳ್ಳುತ್ತಾನೆ, ಅಷ್ಟೇ. ಆದರೆ ತುಳು ಬಲ್ಲವರಿಗೆ ಇದು ಹೊಸದಲ್ಲ. ‘ನಮ’ ಅಂದರೆ ನೀನೂ ಸೇರಿ, ‘ಎಂಕುಲು’ ಅಂದರೆ ನಿನ್ನನ್ನು ಬಿಟ್ಟು. ತೆಲುಗಿನ ‘ಮನಮು’, ‘ಮೇಮು’ ಕೂಡ ಹಾಗೇ.

ಅಬೆನಾಕಿಯಲ್ಲಿ ಈ ಪದಗಳ ಕಟ್ಟಡ ನೋಡಿದರೆ ಇನ್ನೂ ಚೆಂದ. ‘ನಿಯಾ’ ಅಂದರೆ ನಾನು, ‘ಕಿಯಾ’ ಅಂದರೆ ನೀನು. ಹೊರಗಿಡುವ ‘ನಿಯುನಾ’ ಹುಟ್ಟುವುದು ‘ನಾನು’ವಿನಿಂದ. ಒಳಗೆ ಕರೆದುಕೊಳ್ಳುವ ‘ಕಿಯುನಾ’ ಹುಟ್ಟುವುದು ‘ನೀನು’ವಿನಿಂದ. ‘ನಮ್ಮ’ ಅನ್ನುವಾಗಲೂ ಇದೇ ಲೆಕ್ಕ. ‘ಅಕಿ’ ಅಂದರೆ ನೆಲ. ‘ಕ್ದಾಕಿನಾ’ ಅಂದರೆ ನಮ್ಮ ನೆಲ, ನಿನ್ನದೂ ಹೌದು. ‘ನ್ದಾಕಿನಾ’ ಅಂದರೆ ನಮ್ಮ ನೆಲ, ನಿನ್ನದಲ್ಲ. ಅಬೆನಾಕಿಗಳು ತಮ್ಮ ನಾಡನ್ನು ಕರೆಯುವುದು ಎರಡನೆಯ ಹೆಸರಿನಿಂದ.

ಈಗ ಸುಮಾರು ಇಪ್ಪತ್ತು ವರ್ಷಗಳಿಂದ ಆ ‘ನಿನ್ನದಲ್ಲ’ ಯಾರಿಗೆ ಅನ್ವಯಿಸುತ್ತದೆ ಎಂಬ ಜಗಳ ಜೋರಾಗಿದೆ. ಒಂದು ಕಡೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಡನಾಕ್, ಇನ್ನೊಂದು ಕಡೆ ಅಮೆರಿಕದ ವರ್ಮಾಂಟ್ ರಾಜ್ಯದ ನಾಲ್ಕು ಗುಂಪುಗಳು. ಇಬ್ಬರೂ ‘ನಾವು ಅಬೆನಾಕಿ’ ಅನ್ನುತ್ತಾರೆ. ಎರಡೂ ಕಡೆ ಅದೇ ಭಾಷೆಯ ಪಾಠ ನಡೆಯುತ್ತದೆ.

ಊರು ಮತ್ತು ಹೆಸರು

ಒಡನಾಕ್ ಎಂಬ ಹೆಸರು ಕನ್ನಡದ ಕಿವಿಗೆ ‘ಒಡನಾಟ’ದ ನೆಂಟನಂತೆ ಕೇಳಿಸುತ್ತದೆ. ಸಂಬಂಧವೇನೂ ಇಲ್ಲ ಬಿಡಿ. ‘ಒಡನಾ’ ಅಂದರೆ ಹಳ್ಳಿ, ಕೊನೆಯ ‘ಕ್’ ನಮ್ಮ ‘ಅಲ್ಲಿ’ ಪ್ರತ್ಯಯದ ಹಾಗೆ. ಒಡನಾಕ್ ಅಂದರೆ ‘ಹಳ್ಳಿಯಲ್ಲಿ’. ಮಾಂಟ್ರಿಯಲ್ ಮತ್ತು ಕ್ವಿಬೆಕ್ ನಗರಗಳ ನಡುವೆ, ಸೇಂಟ್ ಫ್ರಾನ್ಸಿಸ್ ನದಿ ದೊಡ್ಡ ಸೇಂಟ್ ಲಾರೆನ್ಸ್ ನದಿಯನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ಊರು ಇದು. ಹತ್ತಿರದಲ್ಲೇ ವೊಲಿನಾಕ್ ಎಂಬ ಇನ್ನೊಂದು ಅಬೆನಾಕಿ ಊರಿದೆ. ಕೆನಡಾ ಸರ್ಕಾರ ಮಾನ್ಯ ಮಾಡಿದ ಅಬೆನಾಕಿ ಊರುಗಳು ಈ ಎರಡೇ.

ಆದರೆ ಇವರ ಹಳೆಯ ನೆಲ ಇಲ್ಲಿಂದ ದಕ್ಷಿಣಕ್ಕೆ ಹರಡಿತ್ತು. ಇವತ್ತಿನ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಮ್ಯಾಸಚೂಸೆಟ್ಸ್‌ನ ಒಂದಷ್ಟು ಭಾಗ, ಎಲ್ಲ ಸೇರಿ. ಹೆಸರುಗಳು ಇನ್ನೂ ಅಲ್ಲೇ ಇವೆ. ವರ್ಮಾಂಟ್‌ನ ವಿನೂಸ್ಕಿ ನದಿಯ ಹೆಸರಲ್ಲಿ ‘ವಿನೋಜ್’ ಇದೆ, ಅಂದರೆ ಈರುಳ್ಳಿ. ಕಾಡು ಈರುಳ್ಳಿ ಬೆಳೆಯುವ ಜಾಗ. ಕನೆಟಿಕಟ್ ನದಿ ಇವರ ಬಾಯಲ್ಲಿ ‘ಕ್ವೆನಿತೆಗ್ವ್’. ‘ಕ್ವೆನಿ’ ಅಂದರೆ ಉದ್ದ, ‘ತೆಗ್ವ್’ ಅಂದರೆ ನದಿ. 17ನೇ ಶತಮಾನದಲ್ಲಿ ಇಂಗ್ಲಿಷ್ ವಸಾಹತುಗಳು ಒತ್ತರಿಸುತ್ತ ಬಂದಾಗ, ಅದರಲ್ಲೂ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ನಡೆದ 1675–76ರ ಯುದ್ಧದ ನಂತರ, ಈ ಕಣಿವೆಗಳ ಜನ ಗುಂಪುಗುಂಪಾಗಿ ಉತ್ತರಕ್ಕೆ ಸರಿದು ಫ್ರೆಂಚರ ಆಶ್ರಯದಲ್ಲಿದ್ದ ಒಡನಾಕ್ ಸೇರಿದರು. ಹಾಗಾಗಿ ಒಡನಾಕ್ ಒಂದೇ ಬುಡಕಟ್ಟಿನ ಊರಲ್ಲ, ಹತ್ತಾರು ಊರು ಬಿಟ್ಟವರು ಕೂಡಿ ಕಟ್ಟಿದ ಊರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜನಾಂಗದ ಹೆಸರಿನ ಅರ್ಥ ‘ಬೆಳಗಿನ ನೆಲದವರು’. ‘ವೊಂಬನ್’ ಅಂದರೆ ನಸುಕು, ‘ಅಕಿ’ ಅಂದರೆ ನೆಲ. ಖಂಡದ ಪೂರ್ವದ ಅಂಚಿನಲ್ಲಿ ಮೊದಲು ಸೂರ್ಯ ಕಾಣುವ ಜಾಗ. ಈ ಹೆಸರನ್ನು ಇವರು ರೋಮನ್ ಲಿಪಿಯಲ್ಲಿ ಬರೆಯುವ ರೀತಿ ನೋಡಿ ನಾನು ಮೊದಲು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಡಬ್ಲ್ಯೂ ಅಕ್ಷರ, ಅದರ ಪಕ್ಕ 8 ಎಂಬ ಅಂಕಿ, ಆಮೇಲೆ ಉಳಿದ ಅಕ್ಷರಗಳು. ಪದದ ನಡುವೆ ಅಂಕಿ! ತಪ್ಪೇನಲ್ಲ. ಹಿಂದೆ ಜೆಸುಯಿಟ್ ಪಾದ್ರಿಗಳು ‘ಒ’ ಮೇಲೆ ‘ಯು’ ಕೂರಿಸಿದ ಒಂದು ಕೂಡಕ್ಷರ ಬಳಸುತ್ತಿದ್ದರು. ನೋಡಲು ಥೇಟ್ 8. ಅವರಿಗೆ ಅದು ‘ಉ’ ಅಥವಾ ‘ವ’ ಧ್ವನಿ. ಈಗಿನ ಅಬೆನಾಕಿಯಲ್ಲಿ ಅದೇ ಗುರುತು ಬೇರೆ ಕೆಲಸ ಮಾಡುತ್ತದೆ. ಅರ್ಧ ಬಾಯಿ, ಅರ್ಧ ಮೂಗಿನಿಂದ ಬರುವ ‘ಒಂ’. ತುಟಿ ಮುಚ್ಚಿ ‘ಮ್’ ಅನ್ನಬಾರದು, ಹಾಗೇ ತೆರೆದಿಡಬೇಕು. ಟೋಪಿ ಹಾಕಿದ ‘ಒ’ ಅಕ್ಷರದಿಂದಲೂ ಇದನ್ನು ಬರೆಯುತ್ತಾರೆ. ಕೀಲಿಮಣೆಯಲ್ಲಿ 8 ಸುಲಭವಾಗಿ ಸಿಗುತ್ತದೆ, ಅದೂ ಒಂದು ಅನುಕೂಲ ಅಲ್ವಾ.

ಭಾಷೆ ಆಲ್ಗಾಂಕಿಯನ್ ಕುಟುಂಬಕ್ಕೆ ಸೇರಿದ್ದು. ಕ್ರೀ, ಓಜಿಬ್ವೆ, ಮಿಗ್ಮಾ ಇದರ ಬಳಗ. ಅಬೆನಾಕಿಯಲ್ಲೇ ಪೂರ್ವದ್ದು, ಪಶ್ಚಿಮದ್ದು ಎಂದು ಎರಡು. ಪೂರ್ವದ ಕವಲಿನ ಪೆನಾಬ್‌ಸ್ಕಾಟ್ ಮೇನ್ ರಾಜ್ಯದ್ದು. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರೆಂದು ಹೆಸರಾದ ಮ್ಯಾಡಲಿನ್ ಶೇ 1993ರಲ್ಲಿ ತೀರಿಕೊಂಡರು. ಒಡನಾಕ್‌ನದು ಪಶ್ಚಿಮದ ಕವಲು.

1759ರ ಆ ರಾತ್ರಿ

ಒಡನಾಕ್‌ನ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ದಿನ 1759ರ ಅಕ್ಟೋಬರ್ 4. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿತ್ತು. ರಾಬರ್ಟ್ ರೋಜರ್ಸ್ ಎಂಬ ಇಂಗ್ಲಿಷ್ ಕಡೆಯ ಸೇನಾಧಿಕಾರಿ ಸುಮಾರು 200 ಜನರನ್ನು ಕಟ್ಟಿಕೊಂಡು ಸೆಪ್ಟೆಂಬರ್‌ನಲ್ಲಿ ಕ್ರೌನ್ ಪಾಯಿಂಟ್ ಕೋಟೆ ಬಿಟ್ಟು, ಜೌಗು ಕಾಡು ದಾಟಿ ಬಂದ. ಸೂರ್ಯ ಹುಟ್ಟುವ ಮೊದಲೇ ಊರಿನ ಮೇಲೆ ಬಿದ್ದ, ಆಮೇಲೆ ಬೆಂಕಿ ಇಟ್ಟ. ಇನ್ನೂರು ಜನರನ್ನು ಕೊಂದೆ ಎಂದು ವರದಿ ಬರೆದ. ಫ್ರೆಂಚರ ದಾಖಲೆ ಹೇಳುವುದು ಸುಮಾರು 30 ಸಾವು, ಅದರಲ್ಲಿ 20 ಹೆಂಗಸರು, ಮಕ್ಕಳು.

ಎರಡು ಲೆಕ್ಕಕ್ಕೂ ಇಷ್ಟು ಅಂತರ ಏಕೆ? ರೋಜರ್ಸ್ ಬಡಾಯಿ ಕೊಚ್ಚಿದ ಅನ್ನುವುದು ಒಂದು ಉತ್ತರ. ಊರಿನ ಕಥೆ ಇನ್ನೊಂದು ಉತ್ತರ ಕೊಡುತ್ತದೆ. ಓಬೊಮ್ಸಾವಿನ್ ಮನೆತನದ ಹೆಂಗಸರ ಬಾಯಿಂದ ಬಾಯಿಗೆ ಇನ್ನೂರು ವರ್ಷ ಸಾಗಿ ಬಂದ ಕಥೆ ಅದು. ಹಿಂದಿನ ರಾತ್ರಿ ಊರಲ್ಲಿ ಕುಣಿತ ನಡೆದಿತ್ತು. ಒಬ್ಬ ಹುಡುಗಿ ಸೆಖೆ ತಡೆಯಲಾಗದೆ ಹೊರಗೆ ಬಂದಳು. ಕತ್ತಲಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಹೆದರಬೇಡ, ನಾನು ನಿಮ್ಮವನೇ, ಕಾಡಲ್ಲಿ ಶತ್ರುಗಳು ಅಡಗಿದ್ದಾರೆ, ಬೆಳಗಾಗುವುದರೊಳಗೆ ಎಲ್ಲರನ್ನೂ ಮುಗಿಸುತ್ತಾರೆ ಎಂಬ ಅರ್ಥದಲ್ಲಿ ಹೇಳಿದ. ಅವನ ಮಾತು ಊರಿನ ಮಾತಿಗಿಂತ ಕೊಂಚ ಬೇರೆ, ಆದರೆ ಅರ್ಥವಾಯಿತು. ಹುಡುಗಿ ಒಳಗೆ ಹೋಗಿ ಹೇಳಿದಳು. ಕೆಲವರು ನಂಬಲಿಲ್ಲ. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಸಿಬೊಸೆಕ್ ಎಂಬ ಕೊರಕಲಿನಲ್ಲಿ ಅಡಗಿ ಕೂತರು. ‘ಸಿಬೊ’ ಅಂದರೆ ನದಿ, ‘ಸಿಬೊಸ್’ ಅಂದರೆ ಪುಟ್ಟ ನದಿ, ಹಳ್ಳ. ‘ಸಿಬೊಸೆಕ್’ ಅಂದರೆ ಹಳ್ಳದ ಹತ್ತಿರ.

ಆ ಅಪರಿಚಿತ ರೋಜರ್ಸ್‌ನ ಪಡೆಯಲ್ಲೇ ಇದ್ದ ಸ್ಟಾಕ್‌ಬ್ರಿಜ್ ಊರಿನ ಮೂಲನಿವಾಸಿ ದಾರಿಗಾರ ಎಂದು ಸಂಶೋಧಕ ಗೋರ್ಡನ್ ಡೇ ವಾದಿಸಿದ. ಆ ಊರಿನ ಮೊಹಿಕನ್ ನುಡಿಯೂ ಆಲ್ಗಾಂಕಿಯನ್ ಕುಟುಂಬದ್ದೇ. ಶತ್ರು ಪಡೆಯವನು, ನುಡಿ ಹತ್ತಿರದ್ದು, ಬಂದದ್ದು ಎಚ್ಚರಿಸಲು. ಆ ರಾತ್ರಿ ಅವನ ಬಾಯಿಂದ ‘ನಾವು’ ಎಂಬ ಪದ ಬಂದಿದ್ದರೆ ಅದು ಯಾವ ‘ನಾವು’ ಆಗಿರುತ್ತಿತ್ತು ಎಂದು ಯೋಚಿಸುತ್ತೇನೆ.

ತಿರುಗುಮುರುಗಾದ ಪುಸ್ತಕ

ಕಾಗದದ ಮೇಲೆ ಈ ಭಾಷೆಯ ಹಾದಿ ತುಂಬ ಹಳೆಯದು. ಒಡನಾಕ್‌ನಲ್ಲಿದ್ದ ಪಾದ್ರಿ ಜೋಸೆಫ್ ಓಬೆರಿ 1715ರಲ್ಲೇ ಫ್ರೆಂಚ್–ಅಬೆನಾಕಿ ನಿಘಂಟಿನ ಹಸ್ತಪ್ರತಿ ಬರೆದಿದ್ದ. 1830ರಲ್ಲಿ ಅಬೆನಾಕಿಯವನೇ ಆದ ಪಿಯಾಲ್ ಪೋಲ್ ವ್ಜೋಖಿಲೈನ್ ಬಾಸ್ಟನ್‌ನಲ್ಲಿ ಒಂದು ಓದು-ಬರಹದ ಪುಸ್ತಕ ಅಚ್ಚು ಹಾಕಿಸಿದ. ಹೆಸರು ‘ವೊಬನಾಕಿ ಕಿಮ್ಜೊವಿ ಅವಿಘಿಗನ್’. ‘ಅವಿಘಿಗನ್’ ಅಂದರೆ ಪುಸ್ತಕ, ಬರಹ, ಕಾಗದ, ಎಲ್ಲವೂ. ಬರೆಯುವುದು ಎಂಬ ಧಾತುವಿಗೆ ಸಾಧನವನ್ನು ಸೂಚಿಸುವ ಬಾಲ ಸೇರಿಸಿ ಮಾಡಿದ ಪದ.

ಆದರೆ ನನಗೆ ಹೆಚ್ಚು ಇಷ್ಟವಾಗುವವನು ಸೋಜಾಪ್ ಲೊಲೊ. ಫ್ರೆಂಚ್ ಹೆಸರು ಜೋಸೆಫ್ ಲೊರಾಂ. ಈ ಹೆಸರಿನಲ್ಲೇ ಭಾಷೆಯ ವ್ಯಾಕರಣ ಕಾಣುತ್ತದೆ. ಇವರಲ್ಲಿ ‘ಫ’ ಇಲ್ಲ, ಹಾಗಾಗಿ ಜೋಸೆಫ್ ಸೋಜಾಪ್ ಆದ. ‘ರ’ ಇಲ್ಲ, ಹಾಗಾಗಿ ಲೊರಾಂ ಲೊಲೊ ಆದ. ಮರೀ ಮಾಲಿ ಆದಳು, ಪಿಯೆರ್ ಪಿಯಾಲ್ ಆದ. ಓಬೆರಿಯ ಕಾಲದಲ್ಲಿ ಈ ಭಾಷೆಯಲ್ಲಿ ‘ರ’ ಇತ್ತು. ಆಮೇಲೆ ಅಷ್ಟೂ ‘ರ’ಗಳು ‘ಲ’ ಆದವು. ಮಕ್ಕಳ ತೊದಲಲ್ಲ, ಇಡೀ ಜನಾಂಗದ ನಾಲಗೆ ಒಂದೇ ಶತಮಾನದಲ್ಲಿ ಹೊರಳಿತು.

ಎರವಲು ಪದಗಳಲ್ಲಂತೂ ನಗು ಬರುತ್ತದೆ. ಹಸುವಿಗೆ ‘ಕಾಓಜ್’, ಸೇಬಿಗೆ ‘ಆಪ್ಲೆಸ್’, ಕುದುರೆಗೆ ‘ಆಸೆಸ್’. ಮೂರೂ ಇಂಗ್ಲಿಷಿನ ಬಹುವಚನ. ಇಂಗ್ಲಿಷರ ಹಸುಗಳನ್ನು ಹಿಂಡಾಗಿ ನೋಡಿದವರು ಒಂದು ಹಸುವನ್ನೂ ‘ಹಸುಗಳು’ ಎಂದೇ ಕರೆದರು. ಕುರಿಗೆ ‘ಆಜಿಬ್’. ‘ಎ ಶೀಪ್’ ಎಂಬುದರ ಮೊದಲ ‘ಎ’ ಪದಕ್ಕೇ ಅಂಟಿಕೊಂಡಿತು. ಇಂಗ್ಲಿಷಿನವನು ‘ಇಗ್ಲಿಸ್ಮೊಂ’, ಫ್ರೆಂಚಿನವನು ‘ಪ್ಲಾಚ್ಮೊಂ’, ಅಂದರೆ ಫ್ರೆಂಚ್‌ಮನ್. ಇಡೀ ಅಮೆರಿಕ ದೇಶ ‘ಪಾಸ್ಟನ್ಕಿ’, ಬಾಸ್ಟನ್‌ನವರ ನೆಲ. ‘ಇಸ್ಕೂಲು’ ಎಂದು ಬೆಳೆದ ನಮಗೆ ಇದೆಲ್ಲ ಪರಿಚಿತವೇ.

ಲೊಲೊ 1884ರಲ್ಲಿ ಎರಡು ಕೆಲಸ ಮಾಡಿದ. ಕ್ವಿಬೆಕ್‌ನಲ್ಲಿ ಅಬೆನಾಕಿ–ಇಂಗ್ಲಿಷ್ ಸಂಭಾಷಣೆಗಳ ಒಂದು ಪುಸ್ತಕ ಪ್ರಕಟಿಸಿದ. ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್‌ನ ಇಂಟರ್‌ವೇಲ್ ಎಂಬಲ್ಲಿ, ಬಿಳಿ ಬೆಟ್ಟಗಳ ತಪ್ಪಲಿನಲ್ಲಿ, ಬೇಸಿಗೆ ಬಿಡಾರ ಹೂಡಿದ. ಬೆಟ್ಟದ ತಂಪಿಗೆ ರೈಲಿನಲ್ಲಿ ಬರುವ ಪಟ್ಟಣದವರಿಗೆ ಬುಟ್ಟಿ ಮಾರುವುದು ಉದ್ದೇಶ. ಆ್ಯಶ್ ಮರದ ದಿಮ್ಮಿಯನ್ನು ಬಡಿದು ಬಡಿದು, ವರ್ಷದ ಉಂಗುರಗಳು ಬಿಟ್ಟುಕೊಂಡಾಗ ಪಟ್ಟಿ ಸುಲಿದು, ಪರಿಮಳದ ಹುಲ್ಲು ಸೇರಿಸಿ ಹೆಣೆದ ಬುಟ್ಟಿಗಳು. ಅಜ್ಜ-ಮುತ್ತಜ್ಜಂದಿರು ಓಡಿಬಂದಿದ್ದ ನೆಲಕ್ಕೆ ಮೊಮ್ಮಕ್ಕಳು ವ್ಯಾಪಾರಿಗಳಾಗಿ ಮರಳಿದರು. ಒಡನಾಕ್‌ನ ಹಲವು ಮನೆಗಳದು ಇದೇ ಬದುಕು: ಚಳಿಗಾಲವೆಲ್ಲ ಹೆಣೆಯುವುದು, ಬೇಸಿಗೆಯಲ್ಲಿ ಗಡಿ ದಾಟಿ ಮಾರುವುದು.

ಪುಸ್ತಕದ ಮುನ್ನುಡಿಯಲ್ಲಿ ಲೊಲೊ ತನ್ನ ಮುಖ್ಯ ಉದ್ದೇಶ ಹೇಳಿದ್ದಾನೆ. ಅಬೆನಾಕಿ ಹುಡುಗರು ಇಂಗ್ಲಿಷ್ ಕಲಿಯಲು ಇದು ನೆರವಾಗಬೇಕು. ಜೊತೆಗೆ, ದಿನೇ ದಿನೇ ಬದಲಾಗುತ್ತಿರುವ ತನ್ನ ನುಡಿ ಕೆಡದೆ ಉಳಿಯಬೇಕು. ಇಂಗ್ಲಿಷ್ ಬರದಿದ್ದರೆ ಬುಟ್ಟಿ ಮಾರುವುದು ಹೇಗೆ? ಅವನ ಲೆಕ್ಕ ಸರಿಯಾಗೇ ಇತ್ತು. ಇವತ್ತು ಅದೇ ಪುಸ್ತಕವನ್ನು ಇಂಗ್ಲಿಷ್ ಬಲ್ಲವರು ಅಬೆನಾಕಿ ಕಲಿಯಲು ಹಿಡಿಯುತ್ತಾರೆ. ಅಬೆನಾಕಿಯಿಂದ ಇಂಗ್ಲಿಷಿಗೆ ಹೋಗಲಿ ಎಂದು ಬರೆದದ್ದನ್ನು ಜನ ಇಂಗ್ಲಿಷಿನಿಂದ ಅಬೆನಾಕಿಗೆ ಬರಲು ಓದುತ್ತಿದ್ದಾರೆ.

ನಡುವೆ ಆದದ್ದು ಇಷ್ಟು. ಊರಿನ ಶಾಲೆ ಫ್ರೆಂಚಿನದು, ಸುತ್ತಲ ಪೇಟೆ ಫ್ರೆಂಚಿನದು, ಬೇಸಿಗೆಯ ವ್ಯಾಪಾರ ಇಂಗ್ಲಿಷಿನದು. ಅಬೆನಾಕಿ ಮನೆಯೊಳಗೆ ಉಳಿಯಿತು, ಆಮೇಲೆ ಅಜ್ಜ-ಅಜ್ಜಿಯರ ನಡುವೆ ಉಳಿಯಿತು. 20ನೇ ಶತಮಾನದ ನಡುವಿನ ಹೊತ್ತಿಗೆ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಿದ್ದರು, ಆಡುತ್ತಿರಲಿಲ್ಲ. ಇದಕ್ಕೆ ಹೆಚ್ಚು ವಿವರಣೆ ಬೇಡ, ಯಾರಿಗೂ ಅರ್ಥವಾಗುವ ಕಥೆ.

ಆ ಹೊತ್ತಿಗೆ ಗೋರ್ಡನ್ ಡೇ ಬಂದ. ಭಾಷೆಯ ಪಂಡಿತನಾಗಿ ಅಲ್ಲ. ಅವನು ಅರಣ್ಯ ವಿಜ್ಞಾನ ಓದಿದವನು. ಈಶಾನ್ಯದ ಕಾಡುಗಳನ್ನು ಮೂಲನಿವಾಸಿಗಳು ಬೆಂಕಿ, ಬೇಸಾಯದಿಂದ ಹೇಗೆ ಬದಲಿಸಿದ್ದರು ಎಂದು ತಿಳಿಯಲು ಹೊರಟು, ಮರಗಳಿಂದ ಮಾತಿಗೆ ಬಂದ. ಒಡನಾಕ್‌ನ ಹಿರಿಯರ ಮಾತನ್ನು ಟೇಪಿನಲ್ಲಿ ಹಿಡಿದ. ಅವನ ಪಶ್ಚಿಮ ಅಬೆನಾಕಿ ನಿಘಂಟು 1994, 1995ರಲ್ಲಿ ಎರಡು ಸಂಪುಟವಾಗಿ ಬಂತು. ಓಬೆರಿಯ ಹಳೆಯ ನಿಘಂಟನ್ನು ಸೋಜಾಪ್ ಲೊಲೊನ ಮಗ ಸ್ಟೀಫನ್ ಇಂಗ್ಲಿಷಿಗೆ ತಂದದ್ದು ಕೂಡ 1995ರಲ್ಲೇ ಅಚ್ಚಾಯಿತು.

ಇನ್ನೊಬ್ಬರು ಸೆಸಿಲ್ ವಾವನೊಲೆಟ್. 1908ರಲ್ಲಿ ಹುಟ್ಟಿದ ಒಡನಾಕ್‌ನ ಈ ಅಜ್ಜಿ ಅಬೆನಾಕಿಯನ್ನು ಆಡುತ್ತ ಬೆಳೆದವರು. ಮುಪ್ಪಿನಲ್ಲಿ ಪಾಠ ಹೇಳಲು ಕೂತರು. ಒಡನಾಕ್‌ನವರು ಮಾತ್ರ ಅಲ್ಲ, ಗಡಿಯ ಆಚೆಯವರೂ ಅವರ ಹತ್ತಿರ ಕಲಿತರು. ಅವರಲ್ಲಿ ಒಬ್ಬರು ಜೆಸ್ಸಿ ಬ್ರುಶಾಕ್. ಇಲ್ಲಿಂದ ಕಥೆ ತೊಡಕಾಗುತ್ತದೆ.

ಗಡಿಯ ಆಚೆ

ವರ್ಮಾಂಟ್‌ನಲ್ಲಿ 1970ರ ದಶಕದಿಂದ ಕೆಲವು ಕುಟುಂಬಗಳು ‘ನಾವು ಅಬೆನಾಕಿ, ಇಲ್ಲಿಂದ ಹೋಗಲೇ ಇಲ್ಲ, ಬಚ್ಚಿಟ್ಟುಕೊಂಡು ಬದುಕಿದೆವು’ ಎಂದು ಹೇಳತೊಡಗಿದವು. 1976ರಲ್ಲಿ ಗವರ್ನರ್ ಥಾಮಸ್ ಸಾಲ್ಮನ್ ಒಂದು ಆದೇಶ ಹೊರಡಿಸಿ ಮಾನ್ಯತೆ ಕೊಟ್ಟರು. ಮುಂದಿನ ವರ್ಷ ಬಂದ ರಿಚರ್ಡ್ ಸ್ನೆಲ್ಲಿಂಗ್ ಅದನ್ನು ರದ್ದು ಮಾಡಿದರು. ಆಮೇಲೆ ಈ ಗುಂಪು ಅಮೆರಿಕದ ಕೇಂದ್ರ ಸರ್ಕಾರದ ಬಾಗಿಲು ತಟ್ಟಿತು. 2007ರಲ್ಲಿ ಬಂದ ಉತ್ತರ: ಇಲ್ಲ. ಗುಂಪಿನ 1,171 ಸದಸ್ಯರಲ್ಲಿ ಹಿಂದೆ ವರ್ಮಾಂಟ್‌ನ ಮಿಸಿಸ್ಕೋಯ್ ಎಂಬಲ್ಲಿದ್ದ ಅಬೆನಾಕಿಗಳ ವಂಶದವರೆಂದು ದಾಖಲೆ ಸಮೇತ ತೋರಿಸಲಾದದ್ದು 8 ಜನರನ್ನು ಮಾತ್ರ.

ಆದರೆ ಕೇಂದ್ರದ ದಾರಿ ಬೇರೆ, ರಾಜ್ಯದ ದಾರಿ ಬೇರೆ. ವರ್ಮಾಂಟ್ ಶಾಸನಸಭೆ 2010ರಲ್ಲಿ ತನ್ನದೇ ನಿಯಮ ಮಾಡಿತು. 2011ರ ಏಪ್ರಿಲ್‌ನಲ್ಲಿ ಎಲ್ನು ಮತ್ತು ನುಲ್ಹೇಗನ್, 2012ರ ಮೇ ತಿಂಗಳಲ್ಲಿ ಕೊವಾಸೆಕ್ ಮತ್ತು ಮಿಸಿಸ್ಕೋಯ್, ಹೀಗೆ ನಾಲ್ಕು ಗುಂಪುಗಳಿಗೆ ಮಾನ್ಯತೆ ಸಿಕ್ಕಿತು. ಮಾನ್ಯತೆ ಸುಮ್ನೆ ಗೌರವದ ಕಾಗದ ಅಲ್ಲ. 1990ರ ಕೇಂದ್ರ ಕಾನೂನಿನ ಪ್ರಕಾರ ರಾಜ್ಯ ಮಾನ್ಯ ಮಾಡಿದ ಗುಂಪಿನವರೂ ತಮ್ಮ ಕೈಕೆಲಸವನ್ನು ‘ಇಂಡಿಯನ್ ಕೆಲಸ’, ಅಂದರೆ ಅಮೆರಿಕದ ಮೂಲನಿವಾಸಿಗಳ ಕೆಲಸ, ಎಂದು ಮಾರಬಹುದು. ಅಂದರೆ ಬುಟ್ಟಿ! ಲೊಲೊನ ಬುಟ್ಟಿಯ ಮಾತು ಇಲ್ಲಿಗೆ ಬಂದು ನಿಂತಿತು.

ಒಡನಾಕ್ ಮತ್ತು ವೊಲಿನಾಕ್ ಕೇಳುವುದು ಸರಳ. ನಮ್ಮನ್ನು ಯಾಕೆ ಕೇಳಲಿಲ್ಲ? ನಿಮ್ಮ ಅಜ್ಜಿಯ ಹೆಸರೇನು, ಅವಳು ಯಾರ ಮನೆಯವಳು? ನಾವು ಬಚ್ಚಿಟ್ಟುಕೊಳ್ಳಲಿಲ್ಲ, ಪ್ರತಿ ಬೇಸಿಗೆ ಆ ಬೆಟ್ಟಗಳಿಗೆ ಬಂದು ಹೋಗುತ್ತಲೇ ಇದ್ದೆವು. ಅಲ್ಲಿ ನಮ್ಮ ನೆಂಟರು ಇದ್ದಿದ್ದರೆ ನಮಗೆ ಗೊತ್ತಿರುತ್ತಿರಲಿಲ್ಲವೇ? 2022ರ ಏಪ್ರಿಲ್‌ನಲ್ಲಿ ಒಡನಾಕ್‌ನವರು ವರ್ಮಾಂಟ್ ವಿಶ್ವವಿದ್ಯಾಲಯಕ್ಕೇ ಬಂದು ವೇದಿಕೆಯ ಮೇಲೆ ಈ ಮಾತು ಆಡಿದರು.

ವರ್ಮಾಂಟ್ ಗುಂಪುಗಳ ಉತ್ತರಕ್ಕೂ ಒಂದು ನೋವಿನ ಹಿನ್ನೆಲೆ ಇದೆ. 1925ರಿಂದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಹೆನ್ರಿ ಪರ್ಕಿನ್ಸ್ ಆ ರಾಜ್ಯದಲ್ಲಿ ‘ಒಳ್ಳೆಯ ತಳಿ, ಕೆಟ್ಟ ತಳಿ’ ಎಂದು ಕುಟುಂಬಗಳ ಸಮೀಕ್ಷೆ ನಡೆಸಿದ. 1931ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನು ಬಂತು. ಶಾಸನಸಭೆ ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ಅಂಥ ಕಾಲದಲ್ಲಿ ನಮ್ಮ ಹಿರಿಯರು ‘ಫ್ರೆಂಚ್ ಕೆನಡಿಯನ್’ ಎಂದು ಬರೆಸಿದ್ದರೆ ಆಶ್ಚರ್ಯವೇನು ಎಂದು ಅವರು ಕೇಳುತ್ತಾರೆ. ಆ ಸಮೀಕ್ಷೆಯ ಕಡತಗಳಲ್ಲಿ ಅಬೆನಾಕಿಗಳನ್ನು ಗುರಿ ಮಾಡಿದ್ದಕ್ಕೆ ಆಧಾರ ಸಿಗುವುದಿಲ್ಲ ಎಂದು ಸಂಶೋಧಕ ಡ್ಯಾರಿಲ್ ಲೆರೂ ವಾದಿಸಿದ್ದಾರೆ.

ನನ್ನ ಒಲವು ಒಡನಾಕ್ ಕಡೆಗೆ. ಒಂದು ಜನಾಂಗಕ್ಕೆ ಯಾರು ಸೇರಿದವರು ಎಂದು ಹೇಳುವ ಹಕ್ಕು ಮೊದಲು ಆ ಜನಾಂಗಕ್ಕೇ ಇರಬೇಕು, ಪಕ್ಕದ ದೇಶದ ಶಾಸನಸಭೆಗಲ್ಲ. ಆದರೂ ಒಂದು ಕಡೆ ಚುಚ್ಚುತ್ತದೆ. ಒಡನಾಕ್ ಸ್ವತಃ ಹತ್ತಾರು ಊರು ಬಿಟ್ಟವರನ್ನು ಸೇರಿಸಿಕೊಂಡು ಬೆಳೆದ ಊರು. ಅಲ್ಲಿಗೆ ಬಂದವರ ಹೆಸರು ಚರ್ಚಿನ ಪುಸ್ತಕದಲ್ಲಿ ಸಿಗಬಹುದು, ಬಾರದೆ ಹಿಂದೆ ಉಳಿದವನ ಹೆಸರನ್ನು ಬರೆದವರು ಯಾರು? ಈ ಪ್ರಶ್ನೆ ಒಬ್ಬಿಬ್ಬರ ವಿಷಯದಲ್ಲಿ ನಿಜವಾಗಬಹುದು. ಸಾವಿರ ಜನರ ಗುಂಪಿಗೆ ಇದನ್ನೇ ಉತ್ತರವಾಗಿ ಕೊಟ್ಟರೆ ಒಪ್ಪುವುದು ಕಷ್ಟ.

ಭಾಷೆಯ ಲೆಕ್ಕ ಇದರಿಂದ ಬೇರೆ, ಮತ್ತು ಇಡೀ ಪ್ರಕರಣದ ಗಂಟು ಇರುವುದು ಅಲ್ಲೇ. ಭಾಷೆ ಕಲಿಯಲು ವಂಶಾವಳಿ ಬೇಡ, ತಾಳ್ಮೆ ಸಾಕು. ವಾವನೊಲೆಟ್ ಅಜ್ಜಿಯ ಶಿಷ್ಯ ಬ್ರುಶಾಕ್ ಆ ತಾಳ್ಮೆ ತೋರಿಸಿದರು. ಕಲಿತರು, ಪಾಠದ ಸಾಮಗ್ರಿ ತಯಾರಿಸಿದರು, 2020ರ ಬೇಸಿಗೆಯಲ್ಲಿ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ ಶುರುವಾದ ಅಬೆನಾಕಿ ಶಾಲೆಯ ಮುಖ್ಯಸ್ಥರಾದರು. ಅವರು ನುಲ್ಹೇಗನ್ ಗುಂಪಿನವರು. ಮನೆಮಾತಾಗಿ ಅಬೆನಾಕಿ ಆಡುತ್ತ ಬೆಳೆದವರು ಬೆರಳೆಣಿಕೆಯಷ್ಟೇ ಉಳಿದಿರುವಾಗ, ಒಡನಾಕ್ ಒಪ್ಪದ ಗುಂಪಿನ ಒಬ್ಬರು ಆ ಭಾಷೆಯ ಹೆಸರಾಂತ ಮೇಷ್ಟ್ರು. ಚೆನ್ನಾಗಿ ಮಾತಾಡಿದರೆ ಮನೆಯವನಾಗುತ್ತಾನಾ? ಮಾತೇ ಬರದ ಮೊಮ್ಮಗ ಹೊರಗಿನವನಾಗುತ್ತಾನಾ? ಎರಡಕ್ಕೂ ಒಡನಾಕ್‌ನ ಉತ್ತರ ‘ಇಲ್ಲ’. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಹಾಗೆ ಹೇಳಿದ ಮೇಲೂ ಮೊಮ್ಮಗನಿಗೆ ಮಾತು ಕಲಿಸುವ ಕೆಲಸ ಉಳಿದೇ ಇರುತ್ತದೆ.

ಆ ಕೆಲಸ ಒಡನಾಕ್‌ನಲ್ಲೂ ನಡೆದಿದೆ. 1965ರಲ್ಲಿ ಶುರುವಾದ ಅಬೆನಾಕಿ ವಸ್ತುಸಂಗ್ರಹಾಲಯ ಊರಿನ ಹಳೆಯ ಕ್ಯಾಥೊಲಿಕ್ ಶಾಲೆಯ ಕಟ್ಟಡದಲ್ಲಿದೆ. ಕ್ವಿಬೆಕ್‌ನ ಮೂಲನಿವಾಸಿಗಳ ಮೊದಲ ಮ್ಯೂಸಿಯಂ ಅದು. ಊರಲ್ಲಿ ಭಾಷೆಯ ತರಗತಿಗಳಿವೆ. 2011ರಲ್ಲಿ, ವರ್ಮಾಂಟ್ ಮೊದಲ ಎರಡು ಗುಂಪುಗಳಿಗೆ ಮಾನ್ಯತೆ ಕೊಟ್ಟ ಅದೇ ವರ್ಷ, ಒಡನಾಕ್‌ನಲ್ಲಿ ಒಂದು ಕಾಲೇಜು ತೆರೆಯಿತು. ಕ್ವಿಬೆಕ್‌ನ ಎಲ್ಲ ಮೂಲನಿವಾಸಿ ಜನಾಂಗಗಳ ಹುಡುಗ ಹುಡುಗಿಯರಿಗೂ ಅಲ್ಲಿ ಜಾಗ ಇದೆ. ಹೆಸರು ‘ಕಿಯುನಾ’. ನೀನೂ ಸೇರಿ ನಾವು.

ಅಬೆನಾಕಿಗಳ ಮಹಾಸಭೆಗೆ ಹಳೆಯ ನಾಡಿನ ವಿಚಾರ ನೋಡಿಕೊಳ್ಳುವ ಒಂದು ಕಚೇರಿ ಇದೆ. ಅದರ ಹೆಸರು ‘ನ್ದಾಕಿನಾ’. ಗಡಿ ದಾಟಿ ದಕ್ಷಿಣಕ್ಕೆ ಹೋದರೆ, ನ್ಯೂಯಾರ್ಕ್ ರಾಜ್ಯದ ಗ್ರೀನ್‌ಫೀಲ್ಡ್ ಸೆಂಟರ್ ಎಂಬಲ್ಲಿ ಬ್ರುಶಾಕ್ ಕುಟುಂಬ ನಡೆಸುವ ಶಿಕ್ಷಣ ಕೇಂದ್ರವಿದೆ. ಅದರ ಫಲಕದ ಮೇಲೂ ಇರುವುದು ಅದೇ ‘ನ್ದಾಕಿನಾ’, ಒಂದು ‘ನ’ ಮಾತ್ರ ಜಾಸ್ತಿ.